ಮನಿ ಇದ್ದಲ್ಲಿ ಒಂದು ತಗ್ಗು

"ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು" ಅಂತ ನಮ್ಮ ಕಡೆ ಹೇಳೂದು ಖರ್ಚಿನ ಸಲುವಾಗಿ. ಎರಡರಾಗೂ ಕೈಯಾಗಿನ ರೊಕ್ಕ ಹೆಂಗ ಹೋತು ಅನ್ನೂದು ತಿಳಿಯೂದಿಲ್ಲ. ನಾ ಇವತ್ತ ಹೇಳೂ ಮನಿಯ ಕಥಿಯೊಳಗ ಈ ಎರಡೂ ಮಾತು ಒಂದಕ್ಕೊಂದು ಗಂಟು ಬಿದ್ದಾವ. ಮನಿತನದ ಒಬ್ಬಾಂವ ಮನಿ ಕಟ್ಟಿ ನೋಡಿದ, ಅದೇ ಮನಿತನದ ಒಬ್ಬಾಕಿ ಮದುವಿ ಆಗಿ ನೋಡಿದಳು. ಮನಿ ನಿಂತಿದ್ದು ನೂರು ವರ್ಷದ ಮ್ಯಾಲ. ಬಿಚ್ಚಿ ಮಾರಲಿಕ್ಕೆ ಎರಡು-ಮೂರು ವರ್ಷ ಸಾಕಾದುವು.

ಲಂಡನ್ನಿನ ಪೂರ್ವಕ್ಕ ಇಲ್ಫರ್ಡ್ ಅದ. ನಾವು ಇರೂದು ಅಲ್ಲೆ. ನಮ್ಮ ಮಂದಿ ಅಲ್ಲೆ ಭಾಳ, ಕರಿಬೇವು ಕೊತ್ತಂಬರಿಗೆ ಬರ ಇಲ್ಲ. ಇಲ್ಫರ್ಡಿನ ಪಶ್ಚಿಮಕ್ಕ ರೋಡಿಂಗ್ ಅಂತ ಒಂದು ಸಣ್ಣ ಹೊಳಿ ಹರೀತದ. ಅದರ ಆಚೆ ದಂಡಿಗೆ ವಾನ್‌ಸ್ಟೆಡ್ ಪಾರ್ಕ್. ಮೂರು-ನಾಲ್ಕು ಕೆರಿ, ದೊಡ್ಡ ದೊಡ್ಡ ಗಿಡ, ಏಪ್ರಿಲ್ ಕೊನಿಗೆ ಚಾಲೆ ವುಡ್ ಅನ್ನೋ ತೋಪಿನ್ಯಾಗ ನೆಲ ಕಾಣದಂಗ ನೀಲಿ ಹೂವು. ಊರಿಂದ ಯಾರ ಬಂದರೂ ನಾವು ಮೊದಲ ಕರಕೊಂಡು ಹೋಗೂದು ಅಲ್ಲಿಗೇ. ಟಿಕೀಟಿಲ್ಲ, ಬಸ್ಸಿನ ಖರ್ಚಿಲ್ಲ, ಡಬ್ಬಿಯೊಳಗ ಅವಲಕ್ಕಿ ಹಾಕ್ಕೊಂಡು ಹೋದರ ಒಂದು ಮಧ್ಯಾಹ್ನ ಮುಗೀತು.

ಅವ್ವ ಬಂದಾಗ ಆಕಿನ್ನೂ ಕರಕೊಂಡು ಹೋಗಿದ್ದೆ. ಅಲ್ಲೆ ಕೆಂಪು ಇಟ್ಟಂಗಿಯ ಒಂದು ಕಟ್ಟಡ ಅದ, ಮುಂದ ಕಂಬ, ಹೆಸರು ಟೆಂಪಲ್. ಅವ್ವ ಚಪ್ಪಲಿ ಬಿಟ್ಟು ಒಳಗ ಹಣಿಕಿ ಹಾಕಿದಳು. ದೇವರಿಲ್ಲ. ಸಾಹೇಬರು ತ್ವಾಟದಾಗ ಅಡ್ಡಾಡಿ ಬಂದು ಕೂಡಲಿಕ್ಕೆ ಕಟ್ಟಿಸಿದ್ದು ಅಂತ ಹೇಳಿದೆ. ಆಕಿ ಸುತ್ತಲೂ ನೋಡಿ, "ಕೆರಿ ತೋಡಿಸ್ಯಾರ, ಸಾಲಗಿಡ ಹಚ್ಯಾರ, ಗುಡಿ ಕಟ್ಯಾರ. ಇಷ್ಟೆಲ್ಲಾ ಮಾಡಿದವರ ಮನಿ ಎಲ್ಲದ?" ಅಂದಳು. ಆಗ ನನಗ ಉತ್ತರ ಗೊತ್ತಿರಲಿಲ್ಲ. ಆಮ್ಯಾಲ ಲೈಬ್ರರಿಯೊಳಗ ಓದಿ ಓದಿ ಒಂದೊಂದ ತಿಳಕೊಂಡೆ. ಈಗ ಬರದರ ಅವ್ವ ಓದಲಿಕ್ಕೆ ಇಲ್ಲ, ನೀವರ ಓದ್ರಿ.

ವಾನ್‌ಸ್ಟೆಡ್ ಮನಿ ಮೊದಲಿಗೆ ಅರಸರ ಕೈಯಾಗ ಇತ್ತು. ಸುತ್ತಲೂ ಅಡವಿ, ಬ್ಯಾಟಿಗೆ ಬಂದವರು ಇಳಕೊಳ್ಳೂ ಜಾಗ. 1578ರ ಹೊತ್ತಿಗೆ ಅದು ರಾಬರ್ಟ್ ಡಡ್ಲಿಯ ಪಾಲಿಗೆ ಬಂದಿತ್ತು. ಲೆಸ್ಟರಿನ ಅರ್ಲ್, ಒಂದನೇ ಎಲಿಝಬೆತ್ ರಾಣಿಗೆ ಭಾಳ ಬೇಕಾದಾಂವ. ಆ ವರ್ಷದ ಮೇ ತಿಂಗಳಾಗ ರಾಣಿ ಆ ಮನಿಗೆ ಬೀಗಿತ್ತಿ ಬಂದಂಗ ಬಂದಳು. ಆಕಿ ಮುಂದ ಆಡಿ ತೋರಸಲಿಕ್ಕೆ ಡಡ್ಲಿಯ ಅಳಿಯ, ಅಂದರ ಅಕ್ಕನ ಮಗ, ಕವಿ ಫಿಲಿಪ್ ಸಿಡ್ನಿ ಒಂದು ಆಟ ಬರದ. ಅದಾಗಿ ನಾಲ್ಕ ತಿಂಗಳಿಗೆ, ಸೆಪ್ಟೆಂಬರಿನ್ಯಾಗ, ಅದೇ ಮನಿಯೊಳಗ ಡಡ್ಲಿ ರಾಣಿಗೆ ಹೇಳಲಾರದ ಲೆಟಿಸ್ ನೋಲಿಸ್ ಅನ್ನೋ ವಿಧವಿಯನ್ನ ಮದುವಿ ಮಾಡಿಕೊಂಡ. ರಾಣಿಗೆ ಗೊತ್ತಾಗಿ ಕೆಂಡಾಮಂಡಲ ಆದಳು. ಲೆಟಿಸ್‌ನ ಮಾರಿ ನೋಡೂದೇ ಬಿಟ್ಟಳು ಅಂತಾರ.

ಆಮ್ಯಾಲ ಮನಿ ಕೈಯಿಂದ ಕೈಗೆ ಹೋತು. ಮುಂದಿನ ಶತಮಾನದಾಗ ಹೆನ್ರಿ ಮಿಲ್ಡ್‌ಮೇ ಅನ್ನಾಂವ ಅದರ ಮಾಲಕ. ಅರಸನ ಒಡವಿ ಕಾಯೂ ಕೆಲಸದಾಂವ. ಒಂದನೇ ಚಾರ್ಲ್ಸ್ ಅರಸನ ಮ್ಯಾಲ ವಿಚಾರಣಿ ನಡದಾಗ ನ್ಯಾಯ ಹೇಳೂ ಪಂಕ್ತಿಯೊಳಗ ಇವನೂ ಕೂತಿದ್ದ. ಉಪ್ಪು ಉಂಡ ಮನಿಗೇ ಎರಡು ಬಗದ ಅಂತ ಆಗಿನ ಮಂದಿ ಅಂದಿರಬೇಕು. 1660ರಾಗ ಅರಸೊತ್ತಿಗಿ ತಿರುಗಿ ಬಂತು, ಮಿಲ್ಡ್‌ಮೇ ಜೈಲಿಗೆ ಹೋದ, ಮನಿ ಜಪ್ತಾತು. ಇಲ್ಲಿಗೆ ಅರಸರ ಮನಿ, ಅರಸರ ಗೆಳ್ಯಾರ ಮನಿ ಅನ್ನೂ ಕಾಲ ಮುಗೀತು. ಮುಂದ ಬಂದಾಂವ ವ್ಯಾಪಾರಿ.

ಅವನ ಹೆಸರು ಜೋಸಾಯಾ ಚೈಲ್ಡ್. ನೌಕಾಸೈನ್ಯಕ್ಕ ತಿನ್ನೂ ಸಾಮಾನು ಪೂರೈಸಿ ರೊಕ್ಕ ಮಾಡಿದಾಂವ. 1673ರ ಸುಮಾರಿಗೆ ವಾನ್‌ಸ್ಟೆಡ್ ಕೊಂಡ. ಈ ಇಸವಿ ಓದಿ ನಾ ಸ್ವಲ್ಪ ತಡದೆ. ಯಾಕಂದರ 1673 ಅಂದರ ನಮ್ಮ ಹುಬ್ಬಳ್ಳಿಗೆ ಮರಾಠರ ದಂಡು ಬಂದು ಪ್ಯಾಟಿ ಲೂಟಿ ಮಾಡಿದ ವರ್ಷ. ಆಗ ಈಸ್ಟ್ ಇಂಡಿಯಾ ಕಂಪನಿಯವರು ಕಾರವಾರದಾಗ ಕೋಠಿ ಇಟ್ಟುಕೊಂಡು ಹುಬ್ಬಳ್ಳಿಯ ನೇಕಾರರ ಕಡಿಂದ ಬಟ್ಟಿ ನೇಯಿಸಿ ತಗೊಳ್ತಿದ್ದರು. ಆ ಲೂಟಿಯೊಳಗ ಕಂಪನಿಯ ಮಾಲೂ ಹೋತು. ಚೈಲ್ಡ್ ಆಗಿನ್ನೂ ಕಂಪನಿಯ ದೊಡ್ಡ ಖುರ್ಚಿಗೆ ಏರಿರಲಿಲ್ಲ. ಮುಂದ 1681ರಾಗ ಏರಿದ, ಗವರ್ನರ್ ಆದ. ಔರಂಗಜೇಬ ವಿಜಾಪುರ ಮುರದ 1686ರಾಗನ ಇವನ ಕಂಪನಿ ಔರಂಗಜೇಬನ ಜೋಡಿನೂ ಯುದ್ಧಕ್ಕ ನಿಂತಿತು. ಸೋತಿತು. ಒಂದೂವರಿ ಲಕ್ಷ ರೂಪಾಯಿ ದಂಡ ಕೊಟ್ಟು ತಪ್ಪಾತು ಅಂತ ಕೈ ಮುಗದು ಬಿಡಿಸಿಕೊಂಡರು. ಇತಿಹಾಸದಾಗ ಅದಕ್ಕ ಚೈಲ್ಡನ ಯುದ್ಧ ಅಂತನ ಹೆಸರದ. ಚೈಲ್ಡ್ ಮಾತ್ರ ಲಂಡನ್ನಿನ್ಯಾಗ ಕೂತಿದ್ದ, ಅವನ ಮನಿಯ ಒಂದು ಹಂಚೂ ಅಳ್ಳಾಡಲಿಲ್ಲ. ಜಾನ್ ಎವೆಲಿನ್ ಅನ್ನಾಂವ 1683ರ ತನ್ನ ದಿನಚರಿಯೊಳಗ ಚೈಲ್ಡ್ ಅಕ್ರೋಟ ಗಿಡ ಹಚ್ಚಲಿಕ್ಕೆ, ಮೀನಿನ ಕೆರಿ ತೋಡಲಿಕ್ಕೆ ಎಷ್ಟು ರೊಕ್ಕ ಸುರೀಲಿಕ್ಕತ್ಯಾನ ಅಂತ ಬರದಿಟ್ಟಾನ. ಬೆಳಿ ಬಾರದ ನೆಲದಾಗ ಇಷ್ಟ್ಯಾಕ ಅಂತ ಅವನಿಗೆ ಅನಿಸಿತ್ತು.

ಅಪ್ಪ ಗಳಿಸಿದ್ದನ್ನ ಮಗ ಮನಿಗೆ ಹಾಕಿದ. ರಿಚರ್ಡ್ ಚೈಲ್ಡ್ ಹಳೇ ಮನಿ ಕೆಡವಿಸಿ 1715ರಿಂದ ಹೊಸಾದ ಕಟ್ಟಿಸಲಿಕ್ಕೆ ಸುರು ಮಾಡಿದ. ಕೋಲೆನ್ ಕ್ಯಾಂಪ್‌ಬೆಲ್ ಅಂತ ವಾಸ್ತುಶಿಲ್ಪಿ. ಮುಂಭಾಗನ 260 ಫೂಟು, ಬಿಳಿ ಕಲ್ಲು, ನಟ್ಟನಡುವ ಆರು ಕಂಬದ ಮುಖಮಂಟಪ, ಎರಡೂ ಕಡೆ ಮೆಟ್ಟಲು. ಇಟಲಿಯ ಪಲ್ಲಾಡಿಯೋನ ಪದ್ಧತಿ ಇಂಗ್ಲಂಡಿನ್ಯಾಗ ಇಷ್ಟು ದೊಡ್ಡದಾಗಿ ಮೊದಲ ಕಂಡಿದ್ದು ಈ ಮನಿಯೊಳಗ. ಮುಂದ ಎಷ್ಟೋ ಸಾಹುಕಾರರು ಇದನ್ನ ನೋಡಿನ ತಮ್ಮ ಮನಿ ಕಟ್ಟಿಸಿದರು. ಮನಿ ಎದ್ದಂಗ ಮಾಲಕನ ಪದವಿನೂ ಎದ್ದಿತು. 1718ರಾಗ ವೈಕೌಂಟ್, 1731ರಾಗ ಅರ್ಲ್ ಟಿಲ್ನಿ. ವ್ಯಾಪಾರಿಯ ಮಗ ಅನ್ನೂ ಗುರುತೂ ಹೋತು. ಹೋಗಾರ್ಥ್ ಅನ್ನೋ ಚಿತ್ರಗಾರ ಆ ಮನಿಯ ಒಂದು ಸಂಜಿಯ ಚಿತ್ರ ತಗದಾನ. ದೊಡ್ಡ ಪಡಸಾಲಿ, ಮಂದಿ ಇಸ್ಪೇಟು ಆಡಲಿಕ್ಕತ್ಯಾರ, ಒಂದು ಕಡೆ ಗಂಡ, ಹೆಂಡತಿ, ಮಕ್ಕಳು. ಆ ಚಿತ್ರ ಈಗ ಅಮೆರಿಕಾದ ಫಿಲಡೆಲ್ಫಿಯಾ ಮ್ಯೂಝಿಯಮ್ಮಿನ್ಯಾಗ ಅದ. ಆ ಪಡಸಾಲಿ ಮಾತ್ರ ಈಗ ಜಗತ್ತಿನ್ಯಾಗ ಎಲ್ಲೂ ಇಲ್ಲ.

ಕಟ್ಟಿದಾಂವ 1750ರಾಗ ಸತ್ತ. ಅವನ ಮಗನಿಗೆ ಮಕ್ಕಳಿಲ್ಲ, ಅಂವ ಇರತಿದ್ದದ್ದೇ ಇಟಲಿಯಾಗ. 1784ರಾಗ ಅಂವ ಹೋದ ಮ್ಯಾಲ ಆಸ್ತಿ ಅಕ್ಕ-ತಂಗ್ಯಾರ ಕಡೆ ತಿರುಗಿ ಜೇಮ್ಸ್ ಟಿಲ್ನಿ-ಲಾಂಗ್ ಅನ್ನೋ ಅಳಿಯನಿಗೆ ಬಂತು. ಅವನೂ ಹತ್ತು ವರ್ಷದಾಗ ಹೋದ. ಬಿಟ್ಟು ಹೋದದ್ದು ಒಂದು ಕೂಸು ಗಂಡುಮಗ, ಮೂರು ಹೆಣ್ಣುಮಕ್ಕಳು. ಆ ಗಂಡು ಹುಡುಗನೂ 1805ರಾಗ ತೀರಿಕೊಂಡ, ಇನ್ನೂ ಸಣ್ಣ ಹುಡುಗ. ಅಲ್ಲಿಗೆ ಎಲ್ಲಾ ಆಸ್ತಿ ಹಿರೇ ಮಗಳು ಕ್ಯಾಥರಿನ್‌ಳ ಪಾಲಾತು. ಆಗ ಆಕಿ ಹದಿನೈದರ ಹುಡುಗಿ. ದೇಶದಾಗಿನ ಎಲ್ಲಾರಕಿಂತ ಶ್ರೀಮಂತ ಕನ್ಯಾ ಅಂತ ಪತ್ರಿಕೆಯವರು ಬರದದ್ದೇ ಬರದದ್ದು. ಆಕಿ ಸಣ್ಣಾಕಿ ಇದ್ದಾಗ ಆ ಮನಿ ಬಾಡಿಗಿಗಿತ್ತು. ಇದ್ದವರು ಯಾರು ಅಂದರ ಕ್ರಾಂತಿಗೆ ಹೆದರಿ ಫ್ರಾನ್ಸಿನಿಂದ ಓಡಿ ಬಂದ ರಾಜಮನಿತನದವರು. ಮನಿ ಕಳಕೊಂಡವರು ಬಾಡಿಗಿಗೆ ಬಂದಿದ್ದು ಹಿಂತಾ ಮನಿಗೆ.

ವರಗಳು ಸಾಲಗಟ್ಟಿ ಬಂದರು. ಅರಸನ ಮಗ, ಕ್ಲಾರೆನ್ಸಿನ ಡ್ಯೂಕ್, ಮುಂದ ನಾಲ್ಕನೇ ವಿಲಿಯಂ ಅಂತ ಪಟ್ಟಕ್ಕ ಬಂದಾಂವ, ಅವನೂ ಕೇಳಿದ. ಆಕಿ ಒಲ್ಲೆ ಅಂದಳು. ಆಕಿ ಮನಸು ಕೊಟ್ಟದ್ದು ವಿಲಿಯಂ ವೆಲ್ಲೆಸ್ಲಿ-ಪೋಲ್ ಅನ್ನೋ ಚಂದನ್ನ ಹುಡುಗನಿಗೆ. ಈ ವೆಲ್ಲೆಸ್ಲಿ ಅನ್ನೋ ಹೆಸರು ನಮಗ ಹೊಸಾದಲ್ಲ. ಇವನ ದೊಡ್ಡಪ್ಪ ರಿಚರ್ಡ್ ವೆಲ್ಲೆಸ್ಲಿ, ಟೀಪೂನ ಮ್ಯಾಲ ದಂಡು ಕಳಿಸಿದ ಗವರ್ನರ್ ಜನರಲ್. ಇವನ ಕಾಕಾ ಆರ್ಥರ್ ವೆಲ್ಲೆಸ್ಲಿ, 1799ರ ಮೇ ತಿಂಗಳಾಗ ಶ್ರೀರಂಗಪಟ್ಟಣ ಬಿದ್ದ ಮ್ಯಾಲ ಅಲ್ಲಿಯ ಆಡಳಿತ ಹಿಡಕೊಂಡು ಟೀಪೂನ ದೌಲತ್ ಬಾಗಿನ್ಯಾಗ ಮನಿ ಹೂಡಿದಾಂವ. ಮಾರನೇ ವರ್ಷ ಚನ್ನಗಿರಿಯ ಧೋಂಡಿಯಾ ವಾಘನ ಬೆನ್ನು ಹತ್ತಿ ರಾಣೇಬೆನ್ನೂರು, ಕುಂದಗೋಳ, ಡಂಬಳ ಅಂತ ನಮ್ಮ ಸೀಮಿಯೆಲ್ಲಾ ತುಳದು ಹೋದ. ನನ್ನ ತವರೂರು ಕುಂದಗೋಳದಿಂದ ದೂರಿಲ್ಲ. ಸೆಪ್ಟೆಂಬರಿನ್ಯಾಗ ರಾಯಚೂರ ಸೀಮಿಯೊಳಗ ಧೋಂಡಿಯಾ ಸತ್ತಾಗ ಅವನ ಸಾಮಾನಿನ ನಡುವ ಒಂದು ಸಣ್ಣ ಹುಡುಗ ಸಿಕ್ಕಿತು. ಆರ್ಥರ್ ಆ ಹುಡುಗನ್ನ ಕೊಲ್ಲಲಿಲ್ಲ, ಸಾಕಿದ, ವಿದ್ಯಾಕ್ಕ ರೊಕ್ಕ ಇಟ್ಟ. ಮುಂದ ಅವನೇ ವೆಲಿಂಗ್ಟನ್ನಿನ ಡ್ಯೂಕ್ ಅಂತ ಹೆಸರಾದ.

ಅಂಥಾ ಮನಿತನದ ಹುಡುಗ ಅಂದರ ಯಾರ ಒಲ್ಲೆ ಅಂದಾರು? 1812ರ ಮಾರ್ಚಿನ್ಯಾಗ ಮದುವಿ ಆತು. ಮದುವಿ ಸಲುವಾಗಿ ಅಂವ ತನ್ನ ಹೆಸರು ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಅಂತ ಉದ್ದ ಮಾಡಿಕೊಂಡ. ಹೆಂಡತಿಯ ಹೆಸರೂ ತಗೊಂಡ, ಹೆಂಡತಿಯ ಆಸ್ತಿನೂ ತಗೊಂಡ. ಆಗಿನ ಅಲ್ಲಿಯ ಕಾಯ್ದೆ ಹಂಗಿತ್ತು. ಲಗ್ನ ಆದ ಹೆಣ್ಣುಮಗಳ ರೊಕ್ಕ, ಒಡವಿ, ಸಾಮಾನು ಗಂಡಂದು. ನೆಲದ ಉತ್ಪನ್ನಾನೂ ಅವನ ಕೈಯಾಗ. ಉಳ್ಳವರು ಮದುವಿಗೆ ಮೊದಲ ಕರಾರ ಪತ್ರ ಮಾಡಿಸಿ ಒಂದಷ್ಟು ಕಟ್ಟಿ ಇಡತಿದ್ದರು, ಕ್ಯಾಥರಿನ್‌ಳ ಮನ್ಯಾಗೂ ಮಾಡಿಸಿದ್ದರು. ಆದರ ಪತ್ರ ಕಟ್ಟಿ ಇಡೂದು ನೆಲಾನ. ಕೈಗೆ ಎಟುಕೂದನ್ನ ಅಲ್ಲ.

ಮುಂದಿನ ಹತ್ತು ವರ್ಷ ವಾನ್‌ಸ್ಟೆಡ್ ಮನಿಯೊಳಗ ದೀಪ ಆರಲಿಲ್ಲ ಅಂತಾರ. ಔತಣ, ಬ್ಯಾಟಿ, ಕುದರಿ, ಚುನಾವಣಿ, ಸಾಲ. ಹಿಂದಿನಿಂದ ಊರ ಮಂದಿ ಓಡಾಡಿಕೊಂಡು ಬಂದ ತ್ವಾಟದ ದಾರಿನೂ ಅಂವ ಬಂದ್ ಮಾಡಲಿಕ್ಕೆ ಹೋಗಿದ್ದ. ಊರವರು ಕೋರ್ಟಿಗೆ ಹೋಗಿ ಆ ದಾರಿ ಬಿಡಿಸಿಕೊಂಡರು. "ಕೂತು ಉಂಡರ ಕುಡಿಕಿ ಹೊನ್ನೂ ಸಾಲೂದಿಲ್ಲ" ಅಂತ ಅವ್ವ ಹೇಳತಿದ್ದಳು. ಇಲ್ಲೆ ಕುಡಿಕಿ ಅಲ್ಲ, ಹಗೇವಿನಷ್ಟು ಹೊನ್ನಿತ್ತು, ಅದೂ ಬರಿದಾತು. 1822ರಾಗ ಸಾಲಗಾರರು ಬೆನ್ನು ಹತ್ತಿದರು, ಅಂವ ದೇಶ ಬಿಟ್ಟು ಓಡಿದ.

ಆ ವರ್ಷ ಜೂನ್ ತಿಂಗಳಾಗ ಮನಿಯ ಸಾಮಾನು ಲೀಲಾವ್ ಆತು. ಒಂದೆರಡು ದಿನ ಅಲ್ಲ, 32 ದಿನ. ಪಲಂಗ, ಕನ್ನಡಿ, ಚಿತ್ರ, ಮೂರ್ತಿ, ಪುಸ್ತಕ, ಎಲ್ಲಾಕ್ಕೂ ಒಂದೊಂದು ನಂಬರ ಚೀಟಿ. ಲಂಡನ್ನಿನಿಂದ ಗಾಡಿ ಕಟ್ಟಿಕೊಂಡು ಮಂದಿ ಬಂದರು. ಕೊಳ್ಳವರು ಸ್ವಲ್ಪ, ನೋಡವರು ಭಾಳ. ಮನಿಯ ಒಡತಿ ಮಲಗೂ ಖೋಲಿಯೊಳಗ ಯಾರ್ಯಾರೋ ಬೂಟು ಹಾಕ್ಕೊಂಡು ಅಡ್ಡಾಡಿದರು. ಇಷ್ಟಾದರೂ ಸಾಲ ತೀರಲಿಲ್ಲ. ನೆಲ ಮಾರಲಿಕ್ಕೆ ಕರಾರ ಅಡ್ಡ ಬಂತು. ಮನಿ? ಮನಿಯ ಕಲ್ಲು, ಕಟಗಿ, ಸೀಸ, ಕಬ್ಬಿಣ? ಅದನ್ನ ಕೆಡವಿ ಒಯ್ಯೂ ಕರಾರಿನ ಮ್ಯಾಲ 10,000 ಪೌಂಡಿಗೆ ಕೊಟ್ಟರು. ಲಕ್ಷಗಟ್ಟಲೆ ಹಾಕಿ ಕಟ್ಟಿದ ಮನಿ ಕಲ್ಲಿನ ರೇಟಿನ್ಯಾಗ ಹೋತು. 1825ರ ಹೊತ್ತಿಗೆ ಅಲ್ಲೆ ಮನಿ ಇರಲಿಲ್ಲ. ಅದೇ ಸೆಪ್ಟೆಂಬರಿನ್ಯಾಗ ಕ್ಯಾಥರಿನ್ನೂ ಹೋದಳು, ಮೂವತ್ತೈದು ವರ್ಷಕ್ಕ. ಗಂಡ ಅಷ್ಟೊತ್ತಿಗೆ ಇನ್ನೊಬ್ಬರ ಹೆಂಡತಿಯ ಜೋಡಿ ಇದ್ದ.

ಸಾಯೂ ಮುಂದ ಆಕಿ ತಂಗ್ಯಾರಿಗೆ ಕೇಳಿಕೊಂಡದ್ದು ಮನಿ ಬಗ್ಗೆ ಅಲ್ಲ, ಮೂರು ಮಕ್ಕಳ ಬಗ್ಗೆ. ಮಕ್ಕಳನ್ನ ಅವರಪ್ಪನ ಕೈಗೆ ಕೊಡಬ್ಯಾಡ್ರಿ ಅಂತ. ಆಗಿನ ಕಾಯ್ದೆಯೊಳಗ ಮಕ್ಕಳೂ ತಂದಿಯ ಸ್ವತ್ತು ಇದ್ದಂಗನ. ಆದರ ಆ ಇಬ್ಬರು ಲಗ್ನ ಆಗದ ತಂಗ್ಯಾರು ಬಿಡಲಿಲ್ಲ, ಕೋರ್ಟಿಗೆ ಹೋದರು. ಇವರ ಬೆನ್ನಿಗೆ ನಿಂತವರು ಯಾರು ಅಂದರ ಆ ಗಂಡಸಿನ ಖಾಸಾ ಕಾಕಾ, ವೆಲಿಂಗ್ಟನ್ನಿನ ಡ್ಯೂಕ್. 1827ರಾಗ ಲಾರ್ಡ್ ಎಲ್ಡನ್ ಅನ್ನೋ ನ್ಯಾಯಾಧೀಶ ತಂದಿಯ ನಡತಿ ಸರಿ ಇಲ್ಲ ಅಂತ ಮಕ್ಕಳನ್ನ ಅವನಿಗೆ ಕೊಡಲಿಲ್ಲ. ಮಾರನೇ ವರ್ಷ ಹೌಸ್ ಆಫ್ ಲಾರ್ಡ್ಸಿನ್ಯಾಗೂ ಅದೇ ತೀರ್ಪು ನಿಂತಿತು. ಆ ಕಾಲಕ್ಕ ಇದು ಭಾಳ ಅಪರೂಪದ ಮಾತು. ವಕೀಲರು ಇವತ್ತಿಗೂ ಆ ಖಟ್ಲೆಯ ಹೆಸರು ಹೇಳತಾರ. ಮನಿ ಉಳಿಸಲಿಕ್ಕೆ ಆಗಲಾರದ ಹೆಣ್ಣುಮಗಳು ಸತ್ತ ಮ್ಯಾಲ ಮಕ್ಕಳನ್ನ ಉಳಿಸಿಕೊಂಡಳು. ಗಂಡ ಕೊನಿಗೆ ಕಾಕಾ ಕೊಡೂ ವಾರದ ಹತ್ತು ಪೌಂಡಿನ ಮ್ಯಾಲ ದಿನಾ ತಗದು, 1857ರಾಗ ಲಂಡನ್ನಿನ ಒಂದು ಬಾಡಿಗಿ ಖೋಲ್ಯಾಗ ಸತ್ತ.

ಇಷ್ಟೆಲ್ಲಾ ನಾ ಓದಿದ್ದು ಹೋದ ಚಳಿಗಾಲದಾಗ, ಅದೇ ಹೊತ್ತಿಗೆ ಊರಿಂದ ಒಂದು ಕವರ್ ಬಂತು.

ನಮ್ಮ ತವರಮನಿ ವಾಡೆ. ವಾಡೆ ಅಂದರ ಅರಮನಿ ಅಂತ ತಿಳಕೋಬ್ಯಾಡ್ರಿ. ಮಣ್ಣಿನ ಗ್ವಾಡಿ, ದೊಡ್ಡ ತಲಬಾಗಿಲ, ಎರಡೂ ಕಡೆ ಕಟ್ಟಿ, ಒಳಗ ಪಡಸಾಲಿ, ತೊಲಿ-ಜಂತಿಯ ಮಾಳಗಿ, ಬೆಳಕಿಂಡಿ, ನೆಲದಾಗ ಹಗೇವು, ಹಿತ್ತಲದಾಗ ಬಾವಿ. ಕಟ್ಟಿಸಿದವರು ನಾವಲ್ಲ, ಯಾರೋ ದೇಸಾಯರು. ಅವರ ಕೈಯಿಂದ ಒಬ್ಬ ಸಾವಕಾರನಿಗೆ ಹೋಗಿ, ಅವನಿಂದ ನಮ್ಮ ಮುತ್ತಜ್ಜ ತಗೊಂಡಿದ್ದು. ಮುತ್ತಜ್ಜಂದು ಕುಲಕರ್ಣಿಕಿ. ಕೂಡಸಿಕೊಂಡ ರೊಕ್ಕ ಎಲ್ಲಿದು ಅಂತ ನಮ್ಮ ಮನ್ಯಾಗ ಯಾರೂ ಕೇಳಿದ್ದು ನಾ ಕೇಳಿಲ್ಲ. ಹೊಲ ಉಳಾಂವ ಒಬ್ಬ, ಲೆಕ್ಕ ಬರಿಯಾಂವ ಒಬ್ಬ, ಯಾರ ಮನಿಗೆ ಮಾಳಗಿ ಏರತದ ಅನ್ನೂದು ಎಲ್ಲಾರಿಗೂ ಗೊತ್ತಿದ್ದದ್ದೇ. 1950ರ ಮುಂಬಯಿ ಸರಕಾರದ ಕಾಯ್ದೆಗೆ ಕುಲಕರ್ಣಿ ವತನ ಹೋತು. 1974ರ ಕಾಯ್ದೆಗೆ ಹೊಲ ಉಳವರಿಗೆ ಹೋತು. ಅಜ್ಜ ಸ್ವಲ್ಪ ದಿನ ಬೈದ, ಆಮ್ಯಾಲ ಸುಮ್ಮನಾದ. ಮನಿ ಒಂದು ಉಳೀತು. ಅಪ್ಪ ಹುಬ್ಬಳ್ಳಿಯಾಗ ನೌಕರಿ ಮಾಡಿದರೂ ರಜಾಕ್ಕ ಅಲ್ಲೇ. ಅಪ್ಪ ಹೋದ ಮ್ಯಾಲ ಅವ್ವ ಒಬ್ಬಾಕೆ ಇದ್ದಳು. ಅವ್ವ ಹೋಗಿ ಮೂರು ವರ್ಷಾತು. ಈಗ ಒಂದು ಕಡೆ ಮಾಳಗಿ ಕುಸದದ.

ಕವರಿನ್ಯಾಗ ಇದ್ದದ್ದು ಹಕ್ಕು ಬಿಡುಗಡೆ ಪತ್ರ. ಅಣ್ಣಗೋಳು ಇಬ್ಬರೂ ವಿಚಾರ ಮಾಡಿ ಮನಿ ಮಾರಲಿಕ್ಕೆ ಗಿರಾಕಿ ನೋಡ್ಯಾರ. ತಗೊಳ್ಳಾಂವ ಕೆಡವತಾನ. ಸಾಗವಾನಿ ತೊಲಿಗೆ, ಕಂಬಕ್ಕ ಬ್ಯಾರೆ ಗಿರಾಕಿ ಇದ್ದಾನಂತ. ಬೆಂಗಳೂರಾಗ ಹೊಸಾ ಹೊಟೆಲ್ ಕಟ್ಟವರು ಹಳೇ ಕಂಬ ಹುಡುಕಿಕೊಂಡು ಬರತಾರಂತ. ದೊಡ್ಡಣ್ಣ ಫೋನಿನ್ಯಾಗ ಸಮಾಧಾನದಲೆ ಹೇಳಿದ, "ನೀ ಅಲ್ಲೆ ಕೂತು ಏನ ಮಾಡಾಕಿ ತಂಗಿ? ಎಂಬೆಸಿಗೆ ಹೋಗಿ ಒಂದು ಸಹಿ ಹಾಕಿ ಕಳಸು. ನಿನಗ ಅರಿಷಿಣ-ಕುಂಕುಮದ ಸಲುವಾಗಿ ಏನ ಬೇಕು ಕೊಡತೇವಿ." ಅಣ್ಣನ ಮಾತಿನ್ಯಾಗ ಮೋಸ ಇಲ್ಲ. ನಮ್ಮಲ್ಲೆ ಹೆಣ್ಣುಮಕ್ಕಳು ಹಿಂಗ ಸಹಿ ಹಾಕಿ, ಸೀರಿ ಉಡಿಸಿಕೊಂಡು, ಉಡಿ ತುಂಬಿಸಿಕೊಂಡು ಬರೂದು ರೂಢಿ. ನಮ್ಮ ಅತ್ಯಾಗೋಳು ನಾಲ್ವರೂ ಹಂಗ ಮಾಡ್ಯಾರ.

ಆದರ ನಾ ಆಗಷ್ಟ 1822ರ ಲೀಲಾವ್ ಓದಿ ಪುಸ್ತಕ ಮುಚ್ಚಿದ್ದೆ. ಕ್ಯಾಥರಿನ್‌ಗೆ ಇಲ್ಲದ್ದು ನನಗ ಅದ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟ ಪಾಲು, 2020ರಾಗ ಸುಪ್ರೀಂ ಕೋರ್ಟ್ ಅದಕ್ಕ ಇನ್ನೂ ಬಿಗಿ ಮಾಡಿ ಹೇಳ್ಯದ, 2005ರ ಮೊದಲ ತಂದಿ ಹೋಗಿದ್ದರೂ ಆ ಹಕ್ಕು ಅದ ಅಂತ. ಇಂಗ್ಲಂಡಿನ್ಯಾಗ ಲಗ್ನ ಆದ ಹೆಣ್ಣುಮಗಳ ಆಸ್ತಿ ಆಕಿದು ಅಂತ ಪೂರಾ ಕಾಯ್ದೆ ಬಂದದ್ದು 1882ರಾಗ. ಅದೇ ವರ್ಷ ವಾನ್‌ಸ್ಟೆಡ್ ತ್ವಾಟದ ಬಾಗಿಲಾನೂ ಊರ ಮಂದಿಗೆ ತಗೀತು. ಆ ನೆಲ ಕ್ಯಾಥರಿನ್‌ಳ ಮಗನಿಗೆ ಬಂದು, ಅಂವ 1863ರಾಗ ಹೋಗುವಾಗ ಕೌಲಿ ಅನ್ನೋ ವೆಲ್ಲೆಸ್ಲಿ ಸಂಬಂಧಿಕನಿಗೆ ಬರದು ಹೋಗಿದ್ದ. ಅವರ ಕಡಿಂದ ಲಂಡನ್ ಸಿಟಿಯ ಕಾರ್ಪೋರೇಶನ್ನಿನವರು ಎಪ್ಪಿಂಗ್ ಅಡವಿಯ ಜೋಡಿ ಸೇರಿಸಿ ಸಾರ್ವಜನಿಕರಿಗೆ ಬಿಟ್ಟರು. ಅದಕ್ಕ ಇವತ್ತ ನಾವು ಅವಲಕ್ಕಿ ಡಬ್ಬಿ ಹಿಡಕೊಂಡು ಹೋಗತೇವಿ.

ಮನಿ ನಿಂತಿದ್ದ ಜಾಗ ಮಾತ್ರ ನಮ್ಮ ಪಾಲಿಗೆ ಬಂದಿಲ್ಲ. ಅದು 1893ರಿಂದ ಗಾಲ್ಫ್ ಕ್ಲಬ್ಬಿನವರದು. ಹಳೇ ಕುದರಿ ಲಾಯ ಅವರ ಕ್ಲಬ್ ಮನಿ ಆಗ್ಯದ. ಓವರ್ಟನ್ ಡ್ರೈವ್ ಅನ್ನೋ ರಸ್ತೆದಾಗ ಹೋದರ ಮನಿ ಮುಂದಿನ ದೊಡ್ಡ ಹೊಂಡ ಕಾಣತದ, ನೀರು ತುಂಬಿ ಇವತ್ತೂ ಹಂಗ ಅದ. ಅದರ ಆಚೆ ಹುಲ್ಲಿನ ನಡುವ ಒಂದು ತಗ್ಗು. ನೆಲಮನಿ ಇದ್ದ ಜಾಗ ಅದು. ಕಲ್ಲು ಒಯ್ದರು, ತಗ್ಗು ಒಯ್ಯಲಿಕ್ಕೆ ಆಗಲಿಲ್ಲ. ಹತ್ತಿರದ ಸೇಂಟ್ ಮೇರಿ ಚರ್ಚಿನ್ಯಾಗ ಜೋಸಾಯಾ ಚೈಲ್ಡ್ ರೋಮನ್ ದಿರಿಸು ಹಾಕ್ಕೊಂಡು ಅಮೃತಶಿಲಾದಾಗ ನಿಂತಾನ. ಮನಿಗೆ ರೊಕ್ಕ ತಂದವನ ಮೂರ್ತಿ ಅದ. ಆ ಬಟ್ಟಿ ನೇದು ಕೊಟ್ಟವರ ಗುರುತು ಅಲ್ಲೂ ಇಲ್ಲ, ಹುಬ್ಬಳ್ಳಿಯಾಗೂ ಇಲ್ಲ.

ನಾ ಅಣ್ಣಗ ಒಂದು ವಾರ ಬಿಟ್ಟು ಫೋನ್ ಮಾಡಿದೆ. ಮನಿ ಮಾರಬ್ಯಾಡ್ರಿ ಅಂತ ಹೇಳಲಿಲ್ಲ. ಕುಸದ ಮಾಳಗಿ ಯಾರು ಏರಸವರು? ನಾನಂತೂ ಅಲ್ಲೆ ಹೋಗಿ ಇರೂದಿಲ್ಲ. ಪಾಲಿನ ರೊಕ್ಕದ ಮಾತೂ ತಗೀಲಿಲ್ಲ, ಅದನ್ನ ಆಮ್ಯಾಲ ಮಾತಾಡೂಣು ಅಂದೆ. ಕೇಳಿದ್ದು ಮೂರು.

ಒಂದು, ಮನಿ ಕೆಡವೂದಕ್ಕ ಮೊದಲ ಒಳಗಿನ ಎಲ್ಲಾದರ ಒಂದು ಯಾದಿ ಮಾಡ್ರಿ. ತೊಲಿ ಎಷ್ಟು, ಕಂಬ ಎಷ್ಟು, ತಾಮ್ರದ ಹಂಡೆ, ಒಳ್ಳು, ಬೀಸುಕಲ್ಲು, ನಾಗೊಂದಿಗಿ ಮ್ಯಾಲಿನ ಹಿತ್ತಾಳಿ ಭಾಂಡಿ. ಯಾರಿಗೆ ಏನ ಹೋತು ಅಂತ ಬರೀರಿ. ವಾನ್‌ಸ್ಟೆಡ್ ಮನಿ ಹೆಂಗಿತ್ತು ಅಂತ ಇವತ್ತ ನಾವು ತಿಳಕೊಳ್ಳೂದು ಆ ಲೀಲಾವಿನ ಯಾದಿಯಿಂದನ.

ಎರಡು, ಹಿತ್ತಲದ ಬಾವಿಗೆ ಹಿಂದಿನ ಓಣಿಯವರು ಬರೂ ದಾರಿ. ನಳ ಬಂದಮ್ಯಾಲೂ ಬ್ಯಾಸಗಿಯೊಳಗ ಆ ಬಾವಿನ ಗತಿ. ಖರೀದಿ ಪತ್ರದಾಗ ಆ ದಾರಿ ಬಿಡಬೇಕು ಅಂತ ಬರಸ್ರಿ.

ಮೂರು, ಹಿತ್ತಲ ಖೋಲ್ಯಾಗ ಇರೂ ಮುದುಕಿ. ನಮ್ಮ ಮನ್ಯಾಗ ನಲವತ್ತು ವರ್ಷ ದುಡದಾಕಿ, ಅವ್ವನ ಕೊನೀ ದಿನದಾಗ ರಾತ್ರಿ ಎದ್ದು ನೀರು ಕೊಟ್ಟಾಕಿ. ಕೂಲಿ ಎಂದೂ ಲೆಕ್ಕ ಹಾಕಿ ಕೊಟ್ಟಿದ್ದು ನಾ ನೋಡಿಲ್ಲ. ಆಕಿ ಹೆಸರಿಲೆ ಆ ಖೋಲಿ, ಮುಂದಿನ ನಾಲ್ಕು ಮೊಳ ಜಾಗ ರಿಜಿಸ್ಟರ್ ಆಗಬೇಕು. ಮಾತಿನ್ಯಾಗ ಅಲ್ಲ, ಕಾಗದದಾಗ.

ಅಣ್ಣ ಮೊದಲಿನ ಎರಡಕ್ಕ "ಆತು" ಅಂದ. ಮೂರನೇದಕ್ಕ ಸುಮ್ಮನಾದ. ಮನಿ ಹಿಂದ ಖೋಲಿ ಬಿಟ್ಟರ ಗಿರಾಕಿ ರೇಟು ಇಳಸತಾನಂತ. "ಮುದುಕಿಗೆ ಒಂದಿಷ್ಟು ರೊಕ್ಕ ಕೊಟ್ಟರಾತು" ಅಂದ. "ಈ ವಯಸ್ಸಿನ್ಯಾಗ ರೊಕ್ಕ ತಗೊಂಡು ಆಕಿ ಎಲ್ಲೆ ಹೋಗಾಕಿ ಅಣ್ಣಾ?" ಅಂದೆ. ವೈನಿ ಹಿಂದಿನಿಂದ, "ಆಕಿ ಹೇಳೂದು ಖರೇ ಅದ" ಅಂದದ್ದು ಫೋನಿನ್ಯಾಗ ನನಗ ಕೇಳಿಸಿತು. ಅಣ್ಣ "ನೋಡೂಣು" ಅಂದು ಇಟ್ಟ.

ಅದಾಗಿ ಐದು ವಾರ ಆತು. ಸಣ್ಣಣ್ಣ ಯಾದಿ ಮಾಡಲಿಕ್ಕೆ ಸುರು ಮಾಡ್ಯಾನಂತ, ವಾಟ್ಸಾಪಿನ್ಯಾಗ ಫೋಟೋ ಬರಲಿಕ್ಕತ್ಯಾವ. ನಿನ್ನೆ ಬಂದದ್ದರಾಗ ತಲಬಾಗಿಲದ ಚೌಕಟ್ಟಿನ ಮ್ಯಾಲ ದೇಸಾಯರ ಕಾಲದ ಕೆತ್ತನಿ ಇತ್ತು, ಎರಡು ಗಿಳಿ, ನಡುವ ಒಂದು ಹೂವು. ಇಷ್ಟು ವರ್ಷ ಸುಣ್ಣದ ಕೆಳಗ ಇತ್ತಂತ, ಕೆರದ ಮ್ಯಾಲ ಕಂಡಿತಂತ. ಪತ್ರ ಇನ್ನೂ ನನ್ನ ಕಪಾಟಿನ್ಯಾಗ ಅದ. ಖೋಲಿಯ ಕಾಗದದ ಫೋಟೋ ಬಂದ ದಿನ ಎಂಬೆಸಿಗೆ ಹೋಗಬೇಕು, ಪೆನ್ನು ಜೋಡಿಗೇ ಇಟ್ಟೇನಿ.